ಹಿಂದೆ ಸರಿದ ಬೆರಳು

ಕೆಂಡ ಮುಟ್ಟಿದವಳಂತೆ ಹುಡುಗಿ ಕೀಬೋರ್ಡಿನಿಂದ ಬೆರಳನ್ನು ಹಿಂದಕ್ಕೆಳೆದುಕೊಂಡಳು. "ನಾನೇ ಏನೋ ತಪ್ಪು ಒತ್ಬಿಟ್ಟೆ ಟೀಚರ್. ಇದೆಲ್ಲ ನನ್ ತಲೆಗೆ ಹತ್ತಲ್ಲ."

ತಪ್ಪು ಅವಳದಲ್ಲ. ಶಾಲೆಗೆ ದಾನವಾಗಿ ಬಂದ ಮುದಿ ಕಂಪ್ಯೂಟರು ಬಣ್ಣಬಣ್ಣದ ಗಣಿತದ ಆಟವನ್ನು ತೆರೆಯಲಾರದೆ ಏದುಸಿರು ಬಿಡುತ್ತಿತ್ತು. ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶಗಳಲ್ಲಿ ಟೀಚರ್ ಇದನ್ನೇ ಆರಿಸಿದ್ದು ಮನೆಯಲ್ಲಿ, ತಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಆಡಿ ನೋಡಿ. ಅಲ್ಲಿ ನೀರು ಕುಡಿದಷ್ಟು ಸಲೀಸಾಗಿ ಓಡಿತ್ತು.

ಅವರು ಆ ಆಟವನ್ನು ಅಳಿಸಿದರು. ತೀರಾ ಸಪ್ಪೆಯೆಂದು ತಾವೇ ಬದಿಗಿಟ್ಟಿದ್ದ ಇನ್ನೊಂದನ್ನು ಹಾಕಿದರು. ಬಿಳಿ ಪರದೆ, ಅದರ ಮೇಲೊಂದು ಕೂಡುವ ಲೆಕ್ಕ, ನಾಲ್ಕಕ್ಕೆ ಮೂರು, ಅಷ್ಟೇ.

"ಈಗ ಒತ್ತು ಪುಟ್ಟಿ."

ಹುಡುಗಿ ಅಳುಕುತ್ತಲೇ ಏಳನ್ನು ಒತ್ತಿದಳು. ಕಣ್ಣು ಮಿಟುಕಿಸುವುದರೊಳಗೆ ಏಳು ಮೂಡಿತು. ಅವಳು ಪಕ್ಕದವಳನ್ನು ಮೊಣಕೈಯಿಂದ ತಿವಿದಳು. "ಬಾರೇ, ನಾನ್ ಹೇಳ್ಕೊಡ್ತೀನಿ."