ಎರಡು ಹನಿ ಹುರುಪು

ಗಾರ್ಮೆಂಟ್ಸ್ ಗೇಟಿನಲ್ಲಿ ದಿನಾ ಬೆಳಿಗ್ಗೆ ಎಲ್ಲರ ಅಂಗೈಗೂ ತೀರ್ಥದ ಹಾಗೆ ಎರಡು ಹನಿ ಹುರುಪು ಹಾಕುತ್ತಾರೆ. ಕುಡಿದವರಿಗೆ ಸಂಜೆಯವರೆಗೂ ದುಡಿಯುವ ಆಸೆ ಬತ್ತುವುದಿಲ್ಲ.

ಚೆನ್ನಾಜಮ್ಮ ಒಂದು ವಾರದಿಂದ ಕುಡಿದಂತೆ ನಟಿಸಿ, ಹನಿಯನ್ನು ಸೆರಗಿನಲ್ಲಿಟ್ಟ ಹತ್ತಿಗೆ ಒರೆಸಿ, ಮನೆಗೊಯ್ದು ಮಗಳ ಬಾಯಿಗೆ ಹಿಂಡುತ್ತಿದ್ದಳು. ತನ್ನ ಕೂಸು ತೀರಿಕೊಂಡಾಗಿನಿಂದ ಹಾಸಿಗೆ ಬಿಟ್ಟೇಳದ ಮಗಳು ನಿನ್ನೆ ತಾನಾಗಿ ತಲೆ ಬಾಚಿಕೊಂಡಿದ್ದಳು. ಕೆಲಸ ಕಮ್ಮಿಯಾದರೆ ಸಿಕ್ಕಿಬೀಳುತ್ತೇನೆಂದು ಚೆನ್ನಾಜಮ್ಮ ಹಲ್ಲು ಕಚ್ಚಿ ಕಾಲರ್ ಹೊಲಿದಳು.

ಇವತ್ತು ಅವಳ ರಕ್ತ ಪರೀಕ್ಷಿಸಿದ ಸೂಪರ್‌ವೈಸರ್ ಹುಬ್ಬೇರಿಸಿದ.

"ಹನಿಯ ಸುಳಿವೇ ಇಲ್ವಲ್ಲಮ್ಮ!"

ಅವಳು ಸೆರಗಿನ ಹತ್ತಿಯನ್ನು ಮುಷ್ಟಿಯೊಳಗೆ ಅಡಗಿಸಿದಳು.

"ಆದ್ರೂ ಒಂದು ಕಾಲರ್ರೂ ಕಮ್ಮಿಯಾಗಿಲ್ಲ. ಭೇಷ್!" ಅವನು ಎಲ್ಲರಿಂದಲೂ ಚಪ್ಪಾಳೆ ತಟ್ಟಿಸಿದ. "ಇಂಥ ನಿಯತ್ತಿನವರಿಗೆ ಹುರುಪು ಕೊಡೋದೇ ದಂಡ. ನಾಳೆಯಿಂದ ನಿಮಗೆ ಹನಿ ಇಲ್ಲ."