ಮ್ಯಾನ್‌ಹೋಲಿನಲ್ಲಿ ಉಳಿದ ದನಿ

ಬಚ್ಚಲಲ್ಲಿ ಆಡಿದ ಮಾತೆಲ್ಲ ನೀರಿನೊಂದಿಗೆ ಹರಿದು ಒಳಚರಂಡಿಯಲ್ಲಿ ಕಟ್ಟಿಕೊಳ್ಳತೊಡಗಿದ ಮೇಲೆ ಜಲಮಂಡಳಿಯ ನಮಗೆ ಬಿಡುವಿಲ್ಲ. ಬಾಯಿ ಮುಚ್ಚಿಕೊಂಡಿರುವವರ ಪೈಪು ಕಟ್ಟುವುದಿಲ್ಲ. ಜಗಳಗಂಟರ ಬೀದಿಗೆ ಮಾತ್ರ ವಾರಕ್ಕೊಮ್ಮೆ ರಭಸದ ನೀರು ಬಿಟ್ಟು ಪೈಪು ತೊಳೆಯುವ ಜೆಟ್ಟಿಂಗ್ ಗಾಡಿ ಹೋಗಲೇಬೇಕು.

ಅವತ್ತು ಸುಗುಣಮ್ಮ ಮ್ಯಾನ್‌ಹೋಲಿನ ಮುಚ್ಚಳದ ಮೇಲೇ ಕುಳಿತಿದ್ದರು. ಹೋದ ತಿಂಗಳು ಬಚ್ಚಲಲ್ಲೇ ಕುಸಿದು ಸತ್ತ ಗಂಡನ ದನಿ ಒಳಗಿಂದ ಕೇಳುತ್ತಿತ್ತು: "ಸುಗುಣಾ, ನೀರು ಕಾದಿಲ್ಲ ಕಣೇ."

"ಇದೊಂದು ದನಿ ಬಿಟ್ಬಿಡಪ್ಪ," ಎಂದರು ಸುಗುಣಮ್ಮ.

"ಹೆಂಗಮ್ಮ ಬಿಡ್ಲಿ? ಪಕ್ಕದ ಮನೆ ಬಾಣಂತಿ ಕೋಣೆಗೆ ಗಲೀಜು ನೀರು ನುಗ್ಗೈತೆ."

ಅವರು ನಿಧಾನವಾಗಿ ಎದ್ದರು. "ನೀನು ಯಾರ ದನೀಲಿ ಬೇಕಾದ್ರೂ ಮಾತಾಡ್ತೀಯಂತೆ. ನಮ್ಮವರು ಒಂದು ಮಾತೂ ಹೇಳ್ದೆ ಹೋಗ್ಬಿಟ್ರು. ತೊಳೆದಾದ್ಮೇಲೆ ಅವರ ಹಂಗೆ ಒಂದ್ಸಲ 'ಹೋಗ್ಬರ್ತೀನಿ' ಅನ್ನು."

ಮಂಡಳಿಯ ವಾರ್ಷಿಕೋತ್ಸವದಲ್ಲಿ ಸಾಹೇಬರ ಕೆಮ್ಮು ಕೆಮ್ಮಿ ಎಲ್ಲರನ್ನೂ ನಗಿಸಿದವನು ನಾನು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಗ್ಗಿ, ಆ ದನಿಯನ್ನು ಚೆನ್ನಾಗಿ ಕೇಳಿಸಿಕೊಂಡೆ. ಆಮೇಲೆ ಜೆಟ್ ಬಿಟ್ಟೆ. ದನಿ ಕೊಚ್ಚಿಕೊಂಡು ಹೋಯಿತು.

ಗಂಟಲು ಸರಿಮಾಡಿಕೊಂಡು ಅವರ ಗಂಡನ ದನಿಯಲ್ಲೇ, "ಸುಗುಣಾ, ಹೋಗ್ಬರ್ತೀನಿ," ಎಂದೆ.

ಸುಗುಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು.

"ಹೂಂ. ಎಷ್ಟೊತ್ತಿಗೆ ಬರ್ತೀರಿ?"