ಹಸಿರು ಪೊಟ್ಟಣದ ಹಿಂದಿನ ಸಾಲು

ಗುಂಡಿ ಒತ್ತಲು ಹೋದ ಬೆರಳನ್ನು ರಿಪೇರಿಯ ಬೋ-ಕಾಯ್ ತಟ್ಟನೆ ಹಿಂದಕ್ಕೆಳೆದುಕೊಂಡ. "ಅತ್ತಿಗೆ, ಈ ಪೊಟ್ಟಣದ ತಾರೀಖು ಮುಗ್ದು ನಾಲ್ಕು ವರ್ಷ ಆಯ್ತಲ್ರೀ! ಇದನ್ನಿಟ್ಕೊಂಡು ಬಯೋಸ್ ಬದಲಿಸೋಕೆ ನನ್ ಕೈಲಾಗಲ್ಲಪ್ಪ."

ಕಂಪ್ಯೂಟರಿನ ನೆತ್ತಿಯ ಮೇಲೆ ತೆಂಗಿನ ಘಮದ ಜೋಳದ ತಿಂಡಿಯ ಪೊಟ್ಟಣವಿತ್ತು. ಯಂತ್ರ ಹಟ ಮಾಡದಿರಲೆಂದು ತೈಪೆಯಲ್ಲಿ ಎಲ್ಲರೂ ಇಡುವಂಥದೇ. ಬಣ್ಣ ಹಸಿರೇ ಆಗಬೇಕು, ತಿಂಡಿ ಹಳಸಿರಬಾರದು. ಗಂಡ ತೀರಿಹೋದ ಮೇಲೆ ಸೂ-ಯುನ್ ಅದನ್ನು ಮುಟ್ಟಿರಲಿಲ್ಲ.

"ಹೊಸ ಬೋರ್ಡೇ ಹಾಕ್ಸಿ ಅಂದೆ, ನೀವು ಕೇಳ್ಲಿಲ್ಲ. ಈ ಹಳೇದಕ್ಕೆ ಹೊಸ ಪ್ರೊಸೆಸರಿನ ಗುರುತು ಹತ್ಬೇಕಂದ್ರೆ ಅದನ್ನ ಎಬ್ಬಿಸೋ ಒಳಗಿನ ಮೂಲ ಪ್ರೋಗ್ರಾಮು, ಈ ಬಯೋಸ್, ಬದಲಾಗ್ಲೇಬೇಕು. ನಡುವೆ ಕೈಕೊಟ್ರೆ ಬೋರ್ಡು ಸತ್ತಂಗೆ."

"ನಿಮ್ಮಣ್ಣ ಕೈಯಾರೆ ಕೂರಿಸಿದ್ದು ಕಣೋ. ಇದೇ ಇರ್ಲಿ," ಎಂದು ಸೂ-ಯುನ್ ಎದುರಿನ ಅಂಗಡಿಯಿಂದ ಹೊಸ ಪೊಟ್ಟಣ ತಂದಳು. ಹಳೆಯದನ್ನೆತ್ತಿ ತಿರುಗಿಸಿದರೆ ಹಿಂದೆ ಯಂತ್ರಕ್ಕೆಂದು ಬರೆದ ಗಂಡನ ಕೋಳಿಕಾಲಿನ ಅಕ್ಷರ: 'ನಾನಿಲ್ಲದಾಗ ನನ್ನ ಹೆಂಡತಿಯ ಮಾತು ಕೇಳು. ಅವಳು ಬೈದರೆ ಮುನಿಸಿಕೊಳ್ಳಬೇಡ.' ಕೆಳಗೆ, ಅವನು ಆಸ್ಪತ್ರೆಗೆ ಹೊರಟ ದಿನದ ತಾರೀಖು.

"ಹೊಸದ್ರ ಮೇಲೂ ಏನಾದ್ರೂ ಬರೀಬೇಕು, ಅತ್ತಿಗೆ," ಎಂದು ಬೋ-ಕಾಯ್ ಮೆಲ್ಲಗೆ ಪೆನ್ನು ಚಾಚಿದ. ಸೂ-ಯುನ್ ಎರಡು ಪೊಟ್ಟಣಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು, ಕಾಪಿ ಬರೆಯುವ ಶಾಲೆಯ ಹುಡುಗಿಯಂತೆ ನೋಡಿ ನೋಡಿ ಬರೆದಳು. 'ನನ್ನ ಹೆಂಡತಿ' ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅದನ್ನೂ ಹಾಗೆಯೇ ಬರೆದಳು.

"ಹೂಂ, ಈಗ ಒತ್ತು," ಎಂದಳು.